ನಾಲಿಗೆ ಬಂಡಿಯ ಐದನೆಯ ಪಾಠ

“ಬನ್ನಿ ಬನ್ನಿ ಪಂಕಜಮ್ಮಾ! ಆ ಕುರ್ಚೀಲಿ ಮಾತ್ರ ಕೂರ್ಬೇಡಿ, ಅದು ಯಂತ್ರದ್ದು!”

ಕೂರಲು ಹೋದವಳು ಅಚ್ಯುತಮೂರ್ತಿಗಳ ಕೂಗಿಗೆ ಗಾಬರಿಯಿಂದ ಎದ್ದು ಗೋಡೆಗೊರಗಿ ನಿಂತೆ. ಅವರ ನಡುಮನೆಯ ಮಧ್ಯದಲ್ಲಿ ಒಂದು ವಸ್ತು ನಿಂತಿತ್ತು. ಕೆಳಗೆ ಹೊಲಿಗೆ ಯಂತ್ರದ ಸ್ಟ್ಯಾಂಡು, ಮೇಲೆ ಹಳೆಯ ಟಿ.ವಿ., ಟಿ.ವಿ.ಯ ತಲೆಯ ಮೇಲೆ ಸ್ಕೂಟರಿನ ಹಾರನ್ನು. ಪಕ್ಕದಿಂದ ಒಂದು ಮರದ ಕೈ ಚಾಚಿಕೊಂಡಿತ್ತು, ಅದರ ತುದಿಯಲ್ಲಿ ಊಟದ ಚಮಚ.

ಭದ್ರಾವತಿಯ ಹಳೇನಗರದಲ್ಲಿ ಅವರ ಮನೆಗೂ ನಮ್ಮ ಮನೆಗೂ ಗೋಡೆ ಒಂದೇ, ತಾರಸಿಯ ಮೇಲಿನ ನೀರಿನ ಟ್ಯಾಂಕೂ ಒಂದೇ. ಕಾರ್ಖಾನೆಯಲ್ಲಿ ಮೂವತ್ತೈದು ವರ್ಷ ಫಿಟ್ಟರಾಗಿದ್ದು ನಿವೃತ್ತರಾದವರು ಅಚ್ಯುತಮೂರ್ತಿಗಳು. ಅವರ ಕೈಗಳು ಮಾತ್ರ ನಿವೃತ್ತಿಯ ಕಾಗದಕ್ಕೆ ಸಹಿ ಹಾಕಿರಲಿಲ್ಲ. ಅವರ ದೋಸೆ ಮಗುಚುವ ಯಂತ್ರ ಎಸೆದ ದೋಸೆ ಫ್ಯಾನಿನ ರೆಕ್ಕೆಯ ಮೇಲೆ ಎರಡು ದಿನ ತಿರುಗಿತ್ತು. ಹೂ ಕಟ್ಟುವ ಯಂತ್ರ ಮಲ್ಲಿಗೆಯ ಜೊತೆಗೆ ಅವರ ಅಕ್ಕ ಅಂಬಕ್ಕನ ಜಡೆಯನ್ನೂ ಸೇರಿಸಿ ಮೊಳಗಟ್ಟಲೆ ಕಟ್ಟಿತ್ತು!

“ಇದರ ಹೆಸರು ನಾಲಿಗೆ ಬಂಡಿ!” ಎಂದರು ಮೂರ್ತಿಗಳು. “ಚಿಕ್ಕ ಚಿಕ್ಕ ಆಟ ಆಡಿಸ್ತಾ ಆಡಿಸ್ತಾ ಜರ್ಮನ್ ಕಲಿಸತ್ತೆ. ಚಿತ್ರ ತೋರ್ಸತ್ತೆ, ಹೆಸರು ಕೇಳತ್ತೆ. ಸರಿಯಾಗಿ ಹೇಳಿದ್ರೆ ಗಂಟೆ ಬಾರಿಸಿ, ಈ ಕೈ ಬಾಯಿಗೆ ಕಲ್ಲುಸಕ್ಕರೆ ಹಾಕತ್ತೆ. ತಪ್ಪಾದ್ರೆ ಹಾರನ್ನು!”

“ಇವನ ತಲೆಗಿಷ್ಟು ತಣ್ಣೀರು ಹಾಕ!” ಎಂದರು ಅಂಬಕ್ಕ ಅಡುಗೆಮನೆಯಿಂದಲೇ. “ಮಾತೇ ಹೋಗಿರೋಳಿಗೆ ಜರ್ಮನ್ ಯಾತಕ್ಕೋ? ಕನ್ನಡ ಕಲ್ಸಕ್ಕೆ ನಿಂಗೇನು ಬಂದಿತ್ತು?”

ಯಂತ್ರದ ಎದುರಿಗೆ, ಚಾಪೆಯ ಮೇಲೆ, ಆ ಮಾತು ಹೋದವರು ಕೂತಿದ್ದರು. ಅವರೇ ಮೂರ್ತಿಗಳ ಹೆಂಡತಿ ಸುಭದ್ರಮ್ಮ. ನಾನು ಮದುವೆಯಾಗಿ ಈ ಬೀದಿಗೆ ಬಂದ ಮಾರನೆಯ ಬೆಳಿಗ್ಗೆ ಸೊಪ್ಪು ಬಿಡಿಸುತ್ತಿದ್ದಾಗ ಗೋಡೆಯ ಆಚೆಯಿಂದ ಅವರು ಕಾವ್ಯ ಓದುವುದನ್ನು ಮೊದಲ ಸಲ ಕೇಳಿದೆ. ಕೈಯಲ್ಲಿದ್ದ ಸೊಪ್ಪು ಕೈಯಲ್ಲೇ ಉಳಿದು ಅತ್ತೆಯಿಂದ ಬೈಸಿಕೊಂಡೆ. ಅಲ್ಲಿಂದ ಮೂವತ್ತು ವರ್ಷ, ಪ್ರತಿ ಶನಿವಾರ ರಾಮಮಂದಿರದಲ್ಲಿ ಅವರ ವಾಚನ. ಉಳಿದ ಆರು ದಿನ ಗೋಡೆಯಾಚೆ ಅದರ ಅಭ್ಯಾಸ. ನಾನು ಓದುವವಳಲ್ಲ, ಹಾಡುವವಳೂ ಅಲ್ಲ, ಕೇಳುವವಳು. ನನಗೆ ಗೊತ್ತಿರುವ ದೇವರೆಲ್ಲ ಆ ಗೋಡೆಯ ಮೂಲಕವೇ ಬಂದವರು.

ಹೋದ ಮಾಘದಲ್ಲಿ ಅವರಿಗೆ ಲಕ್ವ ಹೊಡೆಯಿತು. ಕೈಕಾಲು ಮರಳಿ ಬಂದವು. ನಾಲಿಗೆ ಬರಲಿಲ್ಲ. “ಮಗು ಕಲಿಯೋ ಹಾಗೆ ಹೊಸದಾಗಿ ಕಲಿಸಿ” ಎಂದಿದ್ದರಂತೆ ಡಾಕ್ಟರು. ಅಷ್ಟನ್ನು ಹಿಡಿದು ಮೂರ್ತಿಗಳು ಕಟ್ಟಿದ್ದು ಈ ಬಂಡಿ.

“ಅಕ್ಕಾ, ಕನ್ನಡ ಕಲಿಸಿ ನೋಡಿದೆ,” ಎಂದರು ಮೂರ್ತಿಗಳು. ದನಿ ಸಣ್ಣದಾಗಿತ್ತು. “‘ನೀರು’ ಅನ್ನು ಅಂದೆ. ಬರ್ಲಿಲ್ಲ. ಅತ್ತಳು. ‘ಹೂವು’ ಅನ್ನು ಅಂದೆ. ಅತ್ತಳು. ಕನ್ನಡದ ಒಂದೊಂದು ಮಾತಿಗೂ ಇವಳು ಮೊದ್ಲು ಹೇಗೆ ಹೇಳ್ತಿದ್ಲು ಅಂತ ಇವಳಿಗೆ ನೆನಪಿದೆ ಕಣೇ. ಜರ್ಮನ್ನಲ್ಲಿ ಕಳ್ಕೊಂಡಿರೋದು ಏನೂ ಇಲ್ವಲ್ಲ. ಅಳೋಕೆ ಕಾರಣವೇ ಇಲ್ಲ!”

ಅಂಬಕ್ಕ ಅಡುಗೆಮನೆಯ ಹೊಸ್ತಿಲಿಗೆ ಬಂದು ನಿಂತರು.

ಭಾಷೆ ಜರ್ಮನ್ನೇ ಆದದ್ದಕ್ಕೆ ದೊಡ್ಡ ಕಾರಣವೇನಿಲ್ಲ. ಕಾರ್ಖಾನೆಗೆ ಯಂತ್ರ ಜೋಡಿಸಲು ಬಂದಿದ್ದ ಒಬ್ಬ ಜರ್ಮನ್ ಇಂಜಿನಿಯರು ಬಿಟ್ಟುಹೋಗಿದ್ದ ಬಾಲಪಾಠದ ಪುಸ್ತಕ ಮೂರ್ತಿಗಳ ಅಟ್ಟದ ಮೇಲಿತ್ತು.

ಪರದೆಯ ಮೇಲೆ ಒಂದು ಲೋಟ ನೀರು ಬಂತು. “ವಾಸರ್,” ಎಂದಿತು ಬಂಡಿ. ಸುಭದ್ರಮ್ಮ ತುಟಿ ಅಲುಗಿಸಿದರು. ಪೋಂ! ಮತ್ತೆ ಅಲುಗಿಸಿದರು. ಪೋಂ! ನನಗೆ ನೋಡಲಾಗಲಿಲ್ಲ, ಕಣ್ಣು ಮುಚ್ಚಿ ಕೈ ಮುಗಿದುಕೊಂಡೆ. ಎಷ್ಟನೆಯ ಹಾರನ್ನಿನ ಮೇಲೋ ತಿಳಿಯದು, ಗಂಟಲಿನ ತಳದಿಂದ, ಕೊರಕಲು ದಾರಿಯಲ್ಲಿ ಗಾಡಿ ಬಂದ ಹಾಗೆ ಒಂದು ದನಿ ಬಂತು.

“ವಾ... ಸರ್.”

ಮರದ ಕೈ ಗರ್ರನೆ ತಿರುಗಿ, ಸುಭದ್ರಮ್ಮನವರ ಬಾಯಿ ಬಿಟ್ಟು, ಹೊಸ್ತಿಲಲ್ಲಿ ಬಾಯಿ ತೆರೆದು ನಿಂತಿದ್ದ ಅಂಬಕ್ಕನ ಬಾಯಿಗೆ ಕಲ್ಲುಸಕ್ಕರೆ ಎಸೆಯಿತು!

“ಸಕ್ಕರೆ ಕಾಯಿಲೆಯೋಳ್ನ ಕೊಲ್ತೀಯೇನೋ!” ಎಂದು ಕೂಗಿದರೂ ಅಂಬಕ್ಕ ಅದನ್ನು ಉಗುಳಲಿಲ್ಲ.

*

ಹದಿನೈದು ದಿನದಲ್ಲಿ ಗೋಡೆಯ ಆಚೆಯಿಂದ ಜರ್ಮನ್ ಬರತೊಡಗಿತು. ಹಾಲು, ಬ್ರೆಡ್ಡು, ಬೆಕ್ಕು, ಕೊಡೆ. ನಾನು ಹುಳಿ ಕುದಿಸುತ್ತ ಕೇಳುತ್ತಿದ್ದೆ. ಅರ್ಥವಾಗದಿದ್ದರೂ ದನಿ ಅವರದು. ನನಗೆ ಅಷ್ಟು ಸಾಕಾಗಿತ್ತು.

ಎರಡನೆಯ ಪಾಠದಲ್ಲಿ ‘ಗಂಡೋ ಹೆಣ್ಣೋ’ ಎಂಬ ಆಟ ಬಂತು. ಆ ಭಾಷೆಯಲ್ಲಿ ಪ್ರತಿ ವಸ್ತುವಿಗೂ ಲಿಂಗವಿದೆಯಂತೆ. ಕುರ್ಚಿ ಗಂಡು, ದೀಪ ಹೆಣ್ಣು. ಇದೇನೂ ನನಗೆ ವಿಚಿತ್ರವೆನಿಸಲಿಲ್ಲ; ನದಿಯೆಂಬ ಹೆಣ್ಣು ಸಮುದ್ರನೆಂಬ ಗಂಡನ ಮನೆಗೆ ಹೋಗುವುದನ್ನು ಕೇಳುತ್ತಲೇ ಬೆಳೆದವಳು ನಾನು. ಆದರೆ ‘ಹುಡುಗಿ’ ಎಂಬುದು ಗಂಡೂ ಅಲ್ಲ ಹೆಣ್ಣೂ ಅಲ್ಲ ಎಂದು ಬಂಡಿ ಹೇಳಿದಾಗ ಅಂಬಕ್ಕ ಸೌಟು ಹಿಡಿದೇ ಓಡಿಬಂದರು.

“ದೀಪ ಹೆಂಗಸಂತೆ, ಹುಡುಗಿ ಮಾತ್ರ ಸಾಮಾನಂತೆ! ಯಾರೋ ಈ ಪುಸ್ತಕ ಬರ್ದೋನು?”

“ಅವರ ಭಾಷೆ ಅಕ್ಕಾ, ಅವರಿಷ್ಟ!”

“ಅವರ ಮನೇಲಿ ಹೆಣ್ಮಕ್ಕಳು ಹುಟ್ಟಲ್ವಾ?”

ಸುಭದ್ರಮ್ಮ ನಕ್ಕರು. ಬಾಯಿ ಒಂದು ಕಡೆಗೆ ಸ್ವಲ್ಪ ಸೊಟ್ಟವಾಗಿತ್ತು, ಆದರೂ ನಗುವೇ. ಅದನ್ನು ನೋಡಿದ ಮೂರ್ತಿಗಳಿಗೆ ಹುಮ್ಮಸ್ಸು ಹತ್ತಿತು. ಆ ಹುಮ್ಮಸ್ಸೇ ಎಲ್ಲದಕ್ಕೂ ಮೂಲ.

ಬೀದಿ ಗೇಟಿಗೆ ವಯರು ಎಳೆದರು. ಬಂದವರು ಜರ್ಮನ್ನಿನ ನಮಸ್ಕಾರ ‘ಗೂಟನ್ ಮೋರ್ಗನ್’ ಎನ್ನದೆ ಗೇಟು ತೆರೆಯದು! ಹಾಲಿನವನು ಎರಡೇ ದಿನಕ್ಕೆ ಕಲಿತ. ಹೂವಿನ ಸರೋಜಿ ಕಲಿಯಲೊಪ್ಪದೆ, ಹೂವನ್ನು ಗೇಟಿನ ಮೇಲಿಂದ ಎಸೆದು, ಕನ್ನಡದಲ್ಲಿ ಬೈದು ಹೋಗುತ್ತಿದ್ದಳು. ಆಮೇಲೆ ತಾರಸಿಯ ಬಾಗಿಲಿಗೂ ನೀರಿನ ಟ್ಯಾಂಕಿಗೂ ವಯರು ಎಳೆದರು. ಬೆಳಿಗ್ಗೆ ಬಂಡಿ ಒಂದು ಪ್ರಶ್ನೆ ಕೇಳುತ್ತದೆ. ಸುಭದ್ರಮ್ಮ ಸರಿಯುತ್ತರ ಹೇಳಿದರೆ ಆ ದಿನಕ್ಕೆ ಟ್ಯಾಂಕಿನ ವಾಲ್ವು ತೆರೆಯುತ್ತದೆ, ತಾರಸಿಯ ಬೀಗ ಬಿಡುತ್ತದೆ. ತಪ್ಪಿದರೆ ಎರಡು ಮನೆಗೂ ನೀರಿಲ್ಲ.

“ಎರಡು ಮನೆಗೂ ಯಾಕೆ ಮೂರ್ತಿಗಳೇ?” ಎಂದೆ ನಾನು.

“ಟ್ಯಾಂಕ್ ಒಂದೇ ಅಲ್ವಾ! ಅವಳಿಗೂ ಒಂದು ಜವಾಬ್ದಾರಿ ಇರ್ಲಿ ಪಂಕಜಮ್ಮಾ. ಎರಡು ತಿಂಗಳಿಂದ ಎಲ್ರೂ ಅವಳಿಗೆ ಕೊಡೋರೇ. ಅವಳ ಬಾಯಿಂದ ಯಾರಿಗಾದ್ರೂ ಏನಾದ್ರೂ ಸಿಗ್ಲಿ.”

ಹೂಂ ಎಂದೆ.

ಅವರು ಮಾಡಿದ ಕಡೆಯ ಕೆಲಸವೆಂದರೆ ಬಂಡಿಯ ಬೆನ್ನಿಗೆ ಬೆಸುಗೆ ಹಾಕಿದ್ದು. ಮೊದಲ ವಾರದಲ್ಲಿ ಒಮ್ಮೆ ಹೆಂಡತಿ ಸೋತಾಗ ಇವರು ಕದ್ದು ಗುಂಡಿ ಒತ್ತಿ ಸಕ್ಕರೆ ಕೊಡಿಸಿದ್ದರಂತೆ. ಅದು ತಿಳಿದು ಸುಭದ್ರಮ್ಮ ಇಡೀ ದಿನ ಗೋಡೆ ಕಡೆಗೆ ಮುಖ ಮಾಡಿ ಮಲಗಿದ್ದರು. “ಇನ್ಮೇಲೆ ನಾನೇ ಬಯಸಿದ್ರೂ ಇದರೊಳಗೆ ಕೈ ಹಾಕಕ್ಕಾಗ್ಬಾರ್ದು. ಅವಳ ಗೆಲುವು ಅವಳದೇ ಆಗಿರ್ಬೇಕು,” ಎಂದು ಸುತ್ತಲೂ ತಗಡು ಬೆಸೆದುಬಿಟ್ಟರು. ಫಿಟ್ಟರನ ಬೆಸುಗೆ! ಬಿಡುವಂಥದ್ದಲ್ಲ.

*

ಐದನೆಯ ಪಾಠ ಚೈತ್ರದ ಒಂದು ಸೋಮವಾರ ಬಂತು. ಮನೆಯವರ ಪರಿಚಯ ಎಂದು ಅದರ ಹೆಸರು. ಪರದೆಯ ಮೇಲೆ ಒಬ್ಬ ಹೆಂಗಸು, ಪಕ್ಕದಲ್ಲಿ ಟೋಪಿ ಹಾಕಿದ ಒಬ್ಬ ಗಂಡಸು.

“ವೀ ಹೈಸ್ಟ್ ಈರ್ ಮಾನ್?” ಎಂದಿತು ಬಂಡಿ.

“ನಿಮ್ಮ ಗಂಡನ ಹೆಸರೇನು ಅಂತ ಕೇಳ್ತಿದೆ!” ಎಂದು ಮೂರ್ತಿಗಳು ಉತ್ಸಾಹದಿಂದ ಹೇಳಿದವರು ಅಲ್ಲಿಗೇ ನಿಂತರು. ಪುಸ್ತಕದ ಪಾಠಗಳನ್ನೆಲ್ಲ ಬಂಡಿಗೆ ತುಂಬಿದಾಗ, ಉತ್ತರವೆಂದು ತಮ್ಮ ಹೆಸರನ್ನೂ ಸೇರಿಸಿದಾಗ, ಅವರಿಗೆ ಇದು ಹೊಳೆದಿರಲೇ ಇಲ್ಲ. ಸುಭದ್ರಮ್ಮ ಮದುವೆಯಾದ ನಲವತ್ತೊಂದು ವರ್ಷದಲ್ಲಿ ಗಂಡನ ಹೆಸರು ಹೇಳಿದವರಲ್ಲ.

ಸುಮ್ಮನೆ ಹೇಳದಿದ್ದವರಲ್ಲ. ಕಾವ್ಯದಲ್ಲಿ ಎಲ್ಲೆಲ್ಲಿ ‘ಅಚ್ಯುತ’ ಎಂದು ಬರುತ್ತಿತ್ತೋ ಅಲ್ಲೆಲ್ಲ ‘ಕೇಶವ’ ಎಂದು ಓದುತ್ತಿದ್ದರು. ಮಾತ್ರೆ ಕೆಡುತ್ತಿರಲಿಲ್ಲ. ಪ್ರಾಸದ ಜಾಗದಲ್ಲಿ ಬಂದು ಬೇರೆ ಹೆಸರು ಹೊಂದದೆ ಹೋದರೆ, ರಾಗವನ್ನು ಒಂದಿಷ್ಟು ಎಳೆದು, ಆ ಹೆಸರನ್ನು ಆಲಾಪದೊಳಗೆ ಮುಳುಗಿಸಿ ದಾಟುತ್ತಿದ್ದರು. ಅಂಥ ಕಡೆ ಹೆಂಗಸರ ಸಾಲು ಮುಸಿಮುಸಿ ನಗುತ್ತಿತ್ತು. ಮೂರ್ತಿಗಳು ಮೆಲ್ಲನೆ ಕಂಬದ ಮರೆಗೆ ಸರಿಯುತ್ತಿದ್ದರು.

ಸುಭದ್ರಮ್ಮ ಬಂಡಿಯನ್ನೂ ಗಂಡನನ್ನೂ ನೋಡಿ, ತುಟಿ ಬಿಗಿದುಕೊಂಡರು.

ಪೋಂ!

“ಅಚ್ಯುತ ಕಣೋ, ಅಚ್ಯುತ!” ಎಂದರು ಅಂಬಕ್ಕ ಬಂಡಿಗೆ. ಪೋಂ! ಅದಕ್ಕೆ ಬೇಕಾದದ್ದು ಸುಭದ್ರಮ್ಮನವರ ದನಿ.

“ಒಂದ್ಸಲ ಹೇಳಿಬಿಡೇ,” ಎಂದು ಮೂರ್ತಿಗಳು ಚಾಪೆಯ ಮೇಲೆ ಕೂತು ಬೇಡಿಕೊಂಡರು. “ಪಾಠ ಮುಂದಕ್ಕೆ ಹೋಗತ್ತೆ.”

“ಬಾಯ್ಮುಚ್ಚೋ!” ಅಂಬಕ್ಕ ಕೆರಳಿದರು. “ಹೆಂಡ್ತಿ ಹೆಸರು ಹಿಡಿದ್ರೆ ಗಂಡನ ಆಯಸ್ಸು ಕಮ್ಮಿ ಆಗತ್ತೆ. ಅವಳ ಕೈಲಿ ಅದನ್ನ ಹೇಳಿಸ್ತೀಯಾ?”

“ನನ್ನ ಆಯಸ್ಸಿನ ಚಿಂತೆ ನನಗಿರ್ಲಿ! ಇವಳು ಮಾತಾಡಿದ್ರೆ ಸಾಕು.”

ಸುಭದ್ರಮ್ಮ ಗಂಡನ ಬಾಯಿಯ ಮೇಲೆ ಕೈ ಇಟ್ಟರು. ಮತ್ತೆ ಬಂಡಿಯ ಕಡೆ ತಿರುಗಿ, “ನೈನ್,” ಎಂದರು. ಇಲ್ಲ ಎಂದು.

ಅವತ್ತು ನೀರು ಬರಲಿಲ್ಲ. ಮಂಗಳವಾರವೂ ಬರಲಿಲ್ಲ. ನಾನೂ ಅಂಬಕ್ಕನೂ ಬೀದಿಯ ಕೊನೆಯ ಬೋರಿನಿಂದ ಕೊಡಪಾನದಲ್ಲಿ ಹೊತ್ತೆವು. ಬಂಡಿ ಗಂಟೆಗೊಮ್ಮೆ ಕೇಳುತ್ತಿತ್ತು, ಪ್ರತಿ ಸಲವೂ ದನಿ ಏರಿಸಿ. ಪ್ಲಗ್ಗು ಕಿತ್ತರೆ ವಾಲ್ವೂ ಬೀಗವೂ ಇದ್ದಲ್ಲೇ ಬಿಗಿಯಾಗಿ ಉಳಿಯುತ್ತಿದ್ದವು. ಬೀದಿಯಲ್ಲಿ ಹೋಗುವವರೆಲ್ಲ ಆ ಪ್ರಶ್ನೆಯನ್ನು ಬಾಯಿಪಾಠ ಮಾಡಿಕೊಂಡರು. ಹೂವಿನ ಸರೋಜಿಯಂತೂ ಅದನ್ನೇ ಹಾಡುತ್ತ ಹೂವು ಮಾರಿದಳು!

*

ಬುಧವಾರ ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಮೂರ್ತಿಗಳು ವಾಲ್ವನ್ನು ಕಡಿಯಲು ತಾರಸಿಗೆ ಹೋದರು. ಆ ಬಾಗಿಲಿಗೆ ಒಳಗಿನಿಂದ ಮಾತ್ರ ಬೀಗದ ಕೈ ಹಾಕಲು ಬರುತ್ತದೆ. ಅದನ್ನು ತೆರೆದು, ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡು, ಬಾಗಿಲಿಗೊಂದು ಇಟ್ಟಿಗೆ ಒತ್ತು ಕೊಟ್ಟು, ಹತಾರದ ಚೀಲವನ್ನು ಮೆಟ್ಟಿಲ ಮೇಲೇ ಬಿಟ್ಟು, ಮೊದಲು ನೋಡಿ ಬರೋಣವೆಂದು ಹೊರಗೆ ಹೋದರು. ಹಿಂದೆಯೇ ಹಪ್ಪಳದ ಹಿಟ್ಟಿನ ಡಬ್ಬಿ ತೆಗೆಯಲು ಮೆಟ್ಟಿಲೇರಿದ ಅಂಬಕ್ಕ, ಬಾಗಿಲು ತೆರೆದಿರುವುದನ್ನು ಕಂಡು, ಕೋತಿಗಳು ಒಳಗೆ ಬರುತ್ತವೆಂದು, ಇಟ್ಟಿಗೆ ಸರಿಸಿ ಬಾಗಿಲು ಎಳೆದುಕೊಂಡರು.

ಬೀಗ ಟಕ್ಕೆಂದಿತು.

ಮೊದಮೊದಲು ನಗುವೇ. “ಅಕ್ಕಾ, ನಿನ್ನ ತಮ್ಮನ್ನೇ ಕೋತಿ ಅಂದ್ಕೊಂಡ್ಯಲ್ಲೇ!” ಎಂದು ಮೇಲಿನಿಂದ ಕೂಗಿ, ಜೇಬಿನ ಬೀಗದ ಕೈಯನ್ನು ಬೀದಿಗೆ ಎಸೆದರು; ಅದು ಚರಂಡಿಗೆ ಬಿದ್ದು ಸಿಗಲಿಲ್ಲ. ಬಾಗಿಲು ಕಬ್ಬಿಣದ್ದು, ಅವರೇ ಮಾಡಿದ್ದು. ಒದ್ದರೆ ನಮ್ಮ ಕಾಲೇ ನೋಯಿತು. ಉದ್ದನೆಯ ಏಣಿಗೆಂದು ಹಾಲಿನವನನ್ನು ಕರೆಂಟ್ ಆಫೀಸಿಗೆ ಓಡಿಸಿದೆವು. ಲೈನ್‌ಮನ್‌ಗಳು ಏಣಿ ತೆಗೆದುಕೊಂಡು ಪೇಪರ್ ಟೌನಿನ ಕಡೆ ಹೋಗಿದ್ದರಂತೆ. ನೆತ್ತಿಯ ಮೇಲೆ ಏಪ್ರಿಲ್ ಬಿಸಿಲು. ತಾರಸಿಯಲ್ಲಿ ಟ್ಯಾಂಕಿನದೊಂದು ಗೇಣು ನೆರಳು. ಮೂರ್ತಿಗಳಿಗೆ ಎಪ್ಪತ್ತೆರಡು ವರ್ಷ, ಬಿ.ಪಿ. ಬೇರೆ. ಕೂಗು ಮಾತಾಯಿತು, ಮಾತು ಸಣ್ಣದಾಯಿತು. ಆಮೇಲೆ ಏನೂ ಕೇಳಿಸಲಿಲ್ಲ.

“ಅಚ್ಚೂ! ಲೋ ಅಚ್ಚೂ!” ಅಂಬಕ್ಕ ಬಾಗಿಲು ಬಡಿಯುತ್ತಿದ್ದರು.

ನಾನು ಕೆಳಗೆ ಓಡಿಬಂದೆ. ಸುಭದ್ರಮ್ಮ ಬಂಡಿಯ ಮುಂದೆ ನಿಂತಿದ್ದರು. ಸೆರಗು ಹೊದ್ದು, ಬೆನ್ನು ನೆಟ್ಟಗೆ, ಮಂದಿರದಲ್ಲಿ ವಾಚನಕ್ಕೆ ಮೊದಲು ಹೇಗೆ ನಿಲ್ಲುತ್ತಿದ್ದರೋ ಹಾಗೆ.

“ವೀ ಹೈಸ್ಟ್ ಈರ್ ಮಾನ್?”

“ಮೈನ್ ಮಾನ್ ಹೈಸ್ಟ್...” ಎಂದು, ‘ನನ್ನ ಗಂಡನ ಹೆಸರು’ ಎನ್ನುವಲ್ಲಿಗೆ ಅವರು ನಿಲ್ಲಿಸಿ, ಉಸಿರು ತೆಗೆದುಕೊಂಡರು. “ಕೇಶವ.”

ಪೋಂ!

ಲಕ್ವ ಹೊಡೆದ ಮೇಲೆ ಅವರ ಬಾಯಿಂದ ಬಂದ ನಮ್ಮ ಭಾಷೆಯ ಮೊದಲ ಮಾತು ಅದು.

“ಮೈನ್ ಮಾನ್ ಹೈಸ್ಟ್ ನಾರಾಯಣ.” ಪೋಂ! “ಮೈನ್ ಮಾನ್ ಹೈಸ್ಟ್ ಮಾಧವ.” ಪೋಂ!

ಅವರು ಇಪ್ಪತ್ತನಾಲ್ಕು ನಾಮಗಳನ್ನು ಹಿಡಿದಿದ್ದಾರೆಂದು ಆಗ ಗೊತ್ತಾಯಿತು. ದಿನವೂ ದೇವರ ಮುಂದೆ ಹೇಳುವ ಕ್ರಮ. ಒಂದಾದ ಮೇಲೆ ಒಂದು ತಾನಾಗಿ ನಾಲಿಗೆಗೆ ಬರುವಂಥದ್ದು. ಗೋವಿಂದ, ವಿಷ್ಣು, ಮಧುಸೂದನ. ಒಂದೊಂದಕ್ಕೂ ಸ್ಕೂಟರು ಅಡ್ಡ ಬಂದಂತೆ ಹಾರನ್ನು! ನನಗೆ ನಗು ಬರಬೇಕಾಗಿತ್ತು. ನಾನು ಬೆರಳು ಎಣಿಸುತ್ತಿದ್ದೆ. ತ್ರಿವಿಕ್ರಮ, ವಾಮನ, ಶ್ರೀಧರ... ದನಿ ಬಿಚ್ಚಿಕೊಳ್ಳುತ್ತ ಹೋಯಿತು. ಪದ್ಮನಾಭನ ಹೊತ್ತಿಗೆ ಅದರಲ್ಲಿ ಹಳೆಯ ಗಂಟೆದನಿಯ ಅಂಚು ಕೇಳಿತು. ಅನಿರುದ್ಧ, ಪುರುಷೋತ್ತಮ, ಅಧೋಕ್ಷಜ. ಹತ್ತೊಂಬತ್ತನೆಯದು ನಾರಸಿಂಹ.

ಪೋಂ!

ಇಪ್ಪತ್ತನೆಯ ನಾಮವನ್ನು ಅವರು ದಿನವೂ ಹಾರಿಸಿ, ಜನಾರ್ದನನಿಗೆ ಹೋಗಿಬಿಡುತ್ತಿದ್ದರು. ಇವತ್ತು ಅಲ್ಲೇ ನಿಂತರು. ಮೆಟ್ಟಿಲ ಮೇಲೆ ಅಂಬಕ್ಕ ಬಡಿಯುವುದನ್ನು ನಿಲ್ಲಿಸಿದ್ದರು. ಸುಭದ್ರಮ್ಮ ತಾಳಿಯನ್ನು ಎರಡೂ ಕಣ್ಣಿಗೆ ಒತ್ತಿಕೊಂಡರು.

“ಮೈನ್ ಮಾನ್ ಹೈಸ್ಟ್ ಅಚ್ಯುತ.”

ಬಂಡಿ ಗಂಟೆ ಬಾರಿಸಿತು. ಮೇಲೆ ಬೀಗ ಟಕ್ಕೆಂದಿತು. ಮೂರು ದಿನದಿಂದ ಒಣಗಿದ್ದ ನಲ್ಲಿಗಳಲ್ಲಿ ಒಮ್ಮೆಲೇ ನೀರು ಭೋರ್ಗರೆಯಿತು. ಮರದ ಕೈ, ಈ ಸಲ ಗುರಿ ತಪ್ಪದೆ, ಅವರ ಬಾಯಿಗೆ ಕಲ್ಲುಸಕ್ಕರೆ ಇಟ್ಟಿತು.

*

ಮೂರ್ತಿಗಳನ್ನು ಕೈಹಿಡಿದು ಇಳಿಸಿಕೊಂಡು ಬಂದೆವು. ಮುಖ ಕೆಂಪಾಗಿತ್ತು, ತುಟಿ ಒಡೆದಿತ್ತು. ನೀರು ಕುಡಿದು ಕಣ್ಣು ಬಿಟ್ಟವರೇ, “ಕೇಳ್ತು! ಟ್ಯಾಂಕಿನ ಪೈಪಿನಲ್ಲಿ ಕೇಳ್ತು!” ಎಂದರು. “ನಲವತ್ತೊಂದು ವರ್ಷ ಪಂಕಜಮ್ಮಾ! ಎಷ್ಟು ಚೆನ್ನಾಗಿದೆ ನನ್ನ ಹೆಸರು! ಇವಳೇ, ಇನ್ನೊಂದ್ಸಲ...”

ಸುಭದ್ರಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡರು.

ಹತ್ತೊಂಬತ್ತು ದಿನ ಬದುಕಿದ್ದರು ಮೂರ್ತಿಗಳು. ಆ ಹತ್ತೊಂಬತ್ತು ದಿನವೂ ಪ್ಲಗ್ಗು ಕಿತ್ತು ಬಂಡಿಗೆ ರಜೆ ಕೊಟ್ಟು, ವಾಲ್ವು ತೆರೆದೇ ಇಟ್ಟು, ಬೀಗಕ್ಕೆ ಹೊರಗಿನಿಂದಲೂ ಕೈ ಹಾಕುವಂತೆ ತೂತು ಕೊರೆದರು. ಇಪ್ಪತ್ತನೆಯ ಬೆಳಿಗ್ಗೆ ಕಾಫಿ ಲೋಟ ಹಿಡಿದುಕೊಂಡೇ ಗೋಡೆಗೆ ಒರಗಿದರು. ಹೃದಯ, ಎಂದರು ಡಾಕ್ಟರು. ಬಿಸಿಲಿನಿಂದಲೋ ಎಂದು ಕೇಳಿದ್ದಕ್ಕೆ, ಹೇಳಲು ಬರುವುದಿಲ್ಲ ಎಂದರು.

“ಹೆಸರು ಹಿಡಿದ್ಲು, ಆಯಸ್ಸು ಹೋಯ್ತು,” ಎಂದರು ಅಂಬಕ್ಕ ಬಂದವರಿಗೆಲ್ಲ. ಬಾಗಿಲು ಎಳೆದುಕೊಂಡದ್ದು ಯಾರೆಂದು ಅವರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಒಂದು ಮಧ್ಯಾಹ್ನ ಒಬ್ಬರೇ ಮೆಟ್ಟಿಲ ಮೇಲೆ ಆ ಇಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಕಂಡವಳು ಹಾಗೆಯೇ ಹಿಂದಿರುಗಿದೆ.

ಹರಿನಾಮ ಹೇಳಿದರೆ ಆಯುಷ್ಯ ಬೆಳೆಯುತ್ತದೆಂದು ಶನಿವಾರ ಶನಿವಾರ ಕೇಳುತ್ತ ಬಂದವಳು ನಾನು. ಅದೇ ಹೆಸರು ಗಂಡನದೂ ಆಗಿದ್ದರೆ ಏನಾಗುತ್ತದೆಂದು ಯಾವ ವ್ಯಾಖ್ಯಾನಕಾರರೂ ಬಿಡಿಸಿ ಹೇಳಿರಲಿಲ್ಲ. ಸುಭದ್ರಮ್ಮನವರ ಪಕ್ಕದಲ್ಲಿ ಕೂತು, “ನೀವು ಹೇಳಿದ್ದರಿಂದಲೇ ಹತ್ತೊಂಬತ್ತು ದಿನ ಸಿಕ್ಕವು ಸುಭದ್ರಕ್ಕಾ,” ಎಂದೆ. ಅವರು ಕೇಳಿಸಿಕೊಂಡರೋ ಇಲ್ಲವೋ. ಕನ್ನಡವಿಲ್ಲ, ಜರ್ಮನ್ನಿಲ್ಲ, ಅಳುವೂ ಇಲ್ಲ.

ವೈಕುಂಠ ಸಮಾರಾಧನೆಯ ಗಲಾಟೆಯಲ್ಲಿ ಯಾರೋ ಪ್ಲಗ್ಗು ಸಿಕ್ಕಿಸಿದ್ದರೇನೋ, ಮಾರನೆಯ ದಿನ ಬಂಡಿಯ ರಜೆಯೂ ಮುಗಿದು, ಟ್ಯಾಂಕಿನ ವಾಲ್ವು ತಾನಾಗಿ ಮುಚ್ಚಿಕೊಂಡಿತು. ಅಂಬಕ್ಕ ಪ್ಲಂಬರನನ್ನು ಕರೆಸಿದರು. ಅವನು ವಯರಿಗೆ ಕತ್ತರಿ ಹಾಕಬೇಕು, ಅಷ್ಟರಲ್ಲಿ ಚಾಪೆಯ ಮೇಲಿಂದ, “ನೈನ್!” ಎಂಬ ದನಿ ಬಂತು. ಪ್ಲಂಬರನಿಗೆ ಅರ್ಥವಾಗದಿದ್ದರೂ ಕೈ ತಾನಾಗಿ ಹಿಂದೆ ಬಂತು. ಸುಭದ್ರಮ್ಮ ಎದ್ದು ಬಂದು ಬಂಡಿಯ ಮುಂದೆ ಕೂತರು.

ಆರನೆಯ ಪಾಠ. ಪರದೆಯ ಮೇಲೆ ಗೋಡೆ ಸೀಳಿಟ್ಟಂಥ ಒಂದು ಮನೆ. ಒಳಗೆ ಅಡುಗೆಮನೆ, ಒಂದು ಮೇಜು, ಹೊರಗೆ ತೋಟ, ದೂರದಲ್ಲಿ ಆಫೀಸು.

“ವೋ ಇಸ್ಟ್ ಈರ್ ಮಾನ್?” ಎಂದಿತು ಬಂಡಿ, ಲವಲವಿಕೆಯಿಂದ.

“ಏನಂತೆ ಅದು?” ಎಂದರು ಅಂಬಕ್ಕ.

ಅಷ್ಟು ಹೊತ್ತಿಗೆ ಗೋಡೆಯ ಮೂಲಕ ನನಗೂ ಸ್ವಲ್ಪ ಜರ್ಮನ್ ಬಂದಿತ್ತು. ನಿಮ್ಮ ಗಂಡ ಎಲ್ಲಿದ್ದಾರೆ ಎಂದು ಅದು ಕೇಳುತ್ತಿತ್ತು.

“ನೀರಿನ ವಿಷಯ,” ಎಂದೆ.

ಪುಸ್ತಕದಲ್ಲಿದ್ದ ಉತ್ತರ ನಾಲ್ಕೇ. ಅವರು ಹೋದ ಜಾಗ ಆ ನಾಲ್ಕರಲ್ಲಿ ಇರಲಿಲ್ಲ. ಸುಭದ್ರಮ್ಮ ಪರದೆಯ ಮೇಲಿನ ಜಾಗಗಳನ್ನು ಒಂದೊಂದಾಗಿ ನೋಡಿದರು. ಕಡೆಗೆ, ಯಾರಿಗೋ ಮನೆಯ ಗುರುತು ಹೇಳುವವರ ಹಾಗೆ, “ಇಮ್ ಗಾರ್ಟನ್,” ಎಂದರು. ತೋಟದಲ್ಲಿದ್ದಾರೆ.

ಬಂಡಿ ಗಂಟೆ ಬಾರಿಸಿತು. ಕಲ್ಲುಸಕ್ಕರೆ ಬಂತು. ಎರಡು ಮನೆಗೂ ನೀರು ಬಂತು.

ಅಂದಿನಿಂದ ದಿನವೂ ಬೆಳಿಗ್ಗೆ ಏಳಕ್ಕೆ ಬಂಡಿ ಕೇಳುತ್ತದೆ, ಅವರು ಹೇಳುತ್ತಾರೆ. ಒಂದು ದಿನ ತೋಟ, ಒಂದು ದಿನ ಅಡುಗೆಮನೆ. ನಾಲ್ಕೂ ಉತ್ತರ ಹೇಳಿ ಮುಗಿಸಿದರೆ ಏಳನೆಯ ಪಾಠ ಶುರುವಾಗುತ್ತದಂತೆ. ‘ಆಫೀಸಿನಲ್ಲಿ’ ಎಂಬುದನ್ನು ಮಾತ್ರ ಅವರು ಇವತ್ತಿಗೂ ಹೇಳಿಲ್ಲ. ನಾನು ಸೊಪ್ಪು ಬಿಡಿಸುತ್ತ ಗೋಡೆಗೆ ಕಿವಿಯಿಟ್ಟು ಕೂತಿರುತ್ತೇನೆ; ಆಮೇಲೆ ಎದ್ದು ಬಿಂದಿಗೆ ಹಿಡಿಯುತ್ತೇನೆ.

ಇವತ್ತು ಬೆಳಿಗ್ಗೆ ಮೇಜಿನ ಕೆಳಗಿದ್ದರಂತೆ. ಯಾವುದೋ ಸ್ಕ್ರೂ ಬೀಳಿಸಿಕೊಂಡಿರಬೇಕು.